ಕೊಳಚೆ ನೀರು ತಿಳಿಯಾಗುವ ಬಗೆ: ಬ್ಯಾಕ್ಟೀರಿಯಾ ಗೊಂಚಲುಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ದ್ರವ ತ್ಯಾಜ್ಯ ಹಾಗೂ ಮಲತ್ಯಾಜ್ಯ ನಿರ್ವಹಣೆ: ಸದಸ್ಯರ ಅಧ್ಯಯನಕ್ಕಾಗಿ)



ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಯೋಜನೆಯ ಎರಡನೆಯ ಹಂತದಲ್ಲಿ ಶೌಚಾಲಯ ಕಟ್ಟಿಸುವುದರೊಡನೆ ಮಲತ್ಯಾಜ್ಯದ ಸುರಕ್ಷಿತ ವಿಲೇವಾರಿಯೂ ನಮ್ಮ ಹೊಣೆಯಾಗಿದೆ. ಮನೆಯ ಸೆಪ್ಟಿಕ್ ಟ್ಯಾಂಕ್ ತುಂಬಿದಾಗ ಸಕ್ಕಿಂಗ್ ಯಂತ್ರದ ಟ್ಯಾಂಕರ್ ಬರುತ್ತದೆ. ಕೆಸರನ್ನು ಹೀರಿಕೊಂಡು ಹೊರಡುತ್ತದೆ. ಆ ಬಳಿಕ ಅದು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ಹಳ್ಳಕ್ಕೋ ನಾಲೆಗೋ ಸುರಿದರೆ ಅದು ಮರಳಿ ನಮ್ಮ ಕೊಡಕ್ಕೇ ಬರುತ್ತದೆ. ದಾವಣಗೆರೆ ನಗರದ ಕುಡಿಯುವ ನೀರು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದಲೂ, ಭದ್ರಾ ನಾಲೆಯ ನೀರಿನಿಂದ ತುಂಬುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಂದಲೂ ಪೂರೈಕೆಯಾಗುತ್ತದೆ. ಹರಿಹರದ ಕೆಳಭಾಗದ ಗ್ರಾಮಗಳೂ ಇದೇ ನದಿಯನ್ನು ನಂಬಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿ ಪಾತ್ರಗಳನ್ನು ಗುರುತಿಸಿತು. ಅವುಗಳಲ್ಲಿ ಕರ್ನಾಟಕದವು 17. ತುಂಗಭದ್ರೆಯ ಹೆಸರೂ ಆ ಪಟ್ಟಿಯಲ್ಲಿದೆ.

ಟ್ಯಾಂಕರ್ ಕೆಸರಿಗೆ ಎರಡು ನ್ಯಾಯಸಮ್ಮತ ದಾರಿಗಳಿವೆ. ಮೊದಲನೆಯದು, ಮಲತ್ಯಾಜ್ಯಕ್ಕೆಂದೇ ಪ್ರತ್ಯೇಕ ಘಟಕವನ್ನು ಕಟ್ಟುವುದು. ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಘಟಕ ಆರಂಭವಾಯಿತು. ಎರಡನೆಯದು, ಹತ್ತಿರದ ನಗರದ ಕೊಳಚೆ ನೀರು ಶುದ್ಧೀಕರಣ ಘಟಕದೊಡನೆ ಒಪ್ಪಂದ ಮಾಡಿಕೊಂಡು ಕೆಸರನ್ನು ಅಲ್ಲಿಗೆ ಕಳುಹಿಸುವುದು. ದಾವಣಗೆರೆ ಮತ್ತು ಹರಿಹರ ನಗರಗಳ ಸುತ್ತಲಿನ ಪಂಚಾಯಿತಿಗಳಿಗೆ ಎರಡನೆಯ ದಾರಿ ಸಮೀಪದ್ದು. ಆದರೆ ಆ ಘಟಕವು ಏನು ಕೊಟ್ಟರೂ ಜೀರ್ಣಿಸಿಕೊಳ್ಳುವ ಯಂತ್ರವೆಂದು ಭಾವಿಸಿ ಒಪ್ಪಂದಕ್ಕೆ ಸಹಿ ಹಾಕಿದರೆ ಘಟಕವೂ ಕೆಡುತ್ತದೆ, ನದಿಯೂ ಕೆಡುತ್ತದೆ. ಅಲ್ಲಿ ನೀರನ್ನು ಶುದ್ಧಗೊಳಿಸುವವು ಜೀವಿಗಳು; ಅವು ಒಂದಕ್ಕೊಂದು ಅಂಟಿಕೊಂಡಿರುವವರೆಗೆ ಮಾತ್ರ ಶುದ್ಧೀಕರಣ ಸಾಧ್ಯ. ಈ ಅಂಟಿನ ವಿಚಾರವೇ ಈ ಪಾಠದ ವಿಷಯ.

1. ಘಟಕದೊಳಗೆ ನಡೆಯುವ ಕೆಲಸ

ಒಳಚರಂಡಿಯಿಂದ ಬಂದ ನೀರನ್ನು ಮೊದಲು ಸರಳುಗಳ ಜಾಲರಿಯ ಮೂಲಕ ಹಾಯಿಸಿ ಬಟ್ಟೆ, ಪ್ಲಾಸ್ಟಿಕ್, ಕಡ್ಡಿಗಳನ್ನು ತೆಗೆಯುತ್ತಾರೆ. ಮರಳನ್ನು ಬೇರ್ಪಡಿಸುತ್ತಾರೆ. ಆನಂತರ ನೀರು ಗಾಳಿಯೂಡುವ ತೊಟ್ಟಿಗೆ ಬರುತ್ತದೆ. ಅಲ್ಲಿ ತಳದಿಂದ ಗಾಳಿಯ ಗುಳ್ಳೆಗಳನ್ನು ಬಿಡುತ್ತಾರೆ, ಇಲ್ಲವೇ ಮೇಲಿನಿಂದ ಯಂತ್ರಗಳಿಂದ ನೀರನ್ನು ಕಡೆಯುತ್ತಾರೆ. ಈ ತೊಟ್ಟಿಯಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಕೊಂಡು ನೀರಿನಲ್ಲಿ ಕರಗಿರುವ ಕೊಳೆಯನ್ನು ತಿನ್ನುತ್ತವೆ. ತಿಂದದ್ದರಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಇನ್ನೊಂದು ಪಾಲು ಹೊಸ ಬ್ಯಾಕ್ಟೀರಿಯಾಗಳ ಮೈಯಾಗುತ್ತದೆ.

ಇಲ್ಲಿಗೆ ಅರ್ಧ ಕೆಲಸವಷ್ಟೇ ಮುಗಿದಂತೆ. ಕರಗಿದ್ದ ಕೊಳೆ ಈಗ ಬ್ಯಾಕ್ಟೀರಿಯಾಗಳ ರೂಪದಲ್ಲಿ ನೀರಿನಲ್ಲಿಯೇ ತೇಲುತ್ತಿದೆ. ಅವುಗಳನ್ನು ನೀರಿನಿಂದ ಬೇರ್ಪಡಿಸದೆ ಹೊರಬಿಟ್ಟರೆ ನದಿಗೆ ಹೋಗುವುದು ಬೇರೆ ರೂಪದ ಕೊಳೆಯೇ. ಆದ್ದರಿಂದ ನೀರನ್ನು ಮುಂದಿನ ತೊಟ್ಟಿಯಲ್ಲಿ ಕೆಲವು ಗಂಟೆಗಳ ಕಾಲ ಅಲುಗದಂತೆ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾಗಳು ಕೆಸರಾಗಿ ತಳಕ್ಕಿಳಿಯುತ್ತವೆ, ಮೇಲಿನ ತಿಳಿನೀರು ಹೊರಹೋಗುತ್ತದೆ. ಗಾಳಿಯೂಡುವುದನ್ನೂ ನೀರು ನಿಲ್ಲಿಸುವುದನ್ನೂ ಒಂದೇ ತೊಟ್ಟಿಯಲ್ಲಿ ಸರದಿಯಂತೆ ಮಾಡುವ ಘಟಕಗಳೂ ಇವೆ. ಎರಡರಲ್ಲಿಯೂ ತತ್ವ ಒಂದೇ.

ತಳದ ಕೆಸರಿನ ಹೆಚ್ಚಿನ ಭಾಗವನ್ನು ಮತ್ತೆ ಗಾಳಿಯೂಡುವ ತೊಟ್ಟಿಗೆ ಸೇರಿಸುತ್ತಾರೆ. ಇದು ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕಿದಂತೆ. ಹೆಪ್ಪು ಚೆನ್ನಾಗಿದ್ದರೆ ಮೊಸರು ಚೆನ್ನಾಗಿರುತ್ತದೆ. ತಳಕ್ಕಿಳಿಯಬಲ್ಲ ಬ್ಯಾಕ್ಟೀರಿಯಾ ಮಾತ್ರ ಹೆಪ್ಪಾಗಿ ಮರಳುತ್ತದೆ. ಇಳಿಯಲಾರದ್ದು ನೀರಿನೊಡನೆ ಕೊಚ್ಚಿಹೋಗುತ್ತದೆ. ದಿನದಿಂದ ದಿನಕ್ಕೆ ಈ ಆಯ್ಕೆ ನಡೆಯುತ್ತಿರುವುದರಿಂದ, ಚೆನ್ನಾಗಿ ನಡೆಯುವ ಘಟಕದಲ್ಲಿ ಅಂಟಿಕೊಳ್ಳುವ ಗುಣವುಳ್ಳವೇ ನೆಲೆಯೂರುತ್ತವೆ.

2. ಒಂಟಿ ಬ್ಯಾಕ್ಟೀರಿಯಾ ತಳಕ್ಕಿಳಿಯದು

ಒಂದು ಬ್ಯಾಕ್ಟೀರಿಯಾದ ಅಳತೆ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದರ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು. ಇಷ್ಟು ಸಣ್ಣ ಕಣವು ನಿಂತ ನೀರಿನಲ್ಲಿ ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಇಳಿಯುತ್ತದೆಂದು ಲೆಕ್ಕದಿಂದ ತಿಳಿಯುತ್ತದೆ. ಮೂರು ಮೀಟರ್ ಆಳದ ತೊಟ್ಟಿಯ ತಳವನ್ನು ಮುಟ್ಟಲು ಅದಕ್ಕೆ ಸುಮಾರು ಮೂರು ವರ್ಷಗಳು ಬೇಕು. ಅಷ್ಟು ಕಾಲ ನೀರನ್ನು ನಿಲ್ಲಿಸಿಕೊಳ್ಳುವ ತೊಟ್ಟಿಯನ್ನು ಯಾವ ನಗರವೂ ಕಟ್ಟಲಾರದು.

ಆದರೆ ಕಣದ ಅಳತೆ ಹತ್ತು ಪಟ್ಟು ಹೆಚ್ಚಿದರೆ ಇಳಿಯುವ ವೇಗ ನೂರು ಪಟ್ಟು ಹೆಚ್ಚುತ್ತದೆ. ಸಾವಿರಾರು ಬ್ಯಾಕ್ಟೀರಿಯಾಗಳು ಕೂಡಿ ಗೊಂಚಲಾದಾಗ ಅದರ ಅಳತೆ ನೂರಾರು ಮೈಕ್ರಾನ್‌ಗಳಿಗೆ ಏರಬಹುದು. ಗೊಂಚಲಿನ ಒಳಗೆ ನೀರು ತುಂಬಿರುವುದರಿಂದ ವೇಗವು ಲೆಕ್ಕದಷ್ಟೇ ಹೆಚ್ಚುವುದಿಲ್ಲ. ಆದರೂ ಅದು ಗಂಟೆಗೆ ಮೀಟರುಗಳ ಲೆಕ್ಕದಲ್ಲಿ ಇಳಿಯುತ್ತದೆ. ವರ್ಷಗಳ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಮಳೆಗಾಲದ ಕೆಂಪು ನೀರಿಗೆ ಪಟಿಕವನ್ನೋ ಚಿಲ್ಲದ ಬೀಜವನ್ನೋ ತೇದು ಹಾಕಿದಾಗ ಮಣ್ಣಿನ ಕಣಗಳು ಕೂಡಿಕೊಂಡು ಕೊಡದ ತಳ ಸೇರುವುದನ್ನು ನಮ್ಮ ಹಿರಿಯರು ಬಲ್ಲರು. ಘಟಕದಲ್ಲಿ ಪಟಿಕದ ಕೆಲಸವನ್ನು ಬ್ಯಾಕ್ಟೀರಿಯಾಗಳು ತಾವೇ ಮಾಡಿಕೊಳ್ಳುತ್ತವೆ.

3. ಅಂಟು ಬರುವುದು ಎಲ್ಲಿಂದ?

ದನಗಳು ನೀರು ಕುಡಿಯುವ ತೊಟ್ಟಿಯ ಒಳಮೈ ಕೆಲವೇ ದಿನಗಳಲ್ಲಿ ಕೈಗೆ ಜಾರತೊಡಗುತ್ತದೆ. ಆ ಜಾರಿಕೆಗೆ ಕಾರಣ ಸೂಕ್ಷ್ಮಜೀವಿಗಳು ತಮ್ಮ ಸುತ್ತ ಸ್ರವಿಸುವ ಲೋಳೆ. ಸಕ್ಕರೆಯ ಉದ್ದನೆಯ ಸರಪಳಿಗಳು, ಪ್ರೋಟೀನುಗಳು ಮತ್ತು ಸತ್ತ ಜೀವಕೋಶಗಳಿಂದ ಹೊರಬಿದ್ದ ಅಂಶಗಳು ಅದರಲ್ಲಿರುತ್ತವೆ. ಶುದ್ಧೀಕರಣ ಘಟಕದಲ್ಲಿ ಬ್ಯಾಕ್ಟೀರಿಯಾಗಳನ್ನು ಹಿಡಿದಿಡುವುದೂ ಇಂತಹ ಲೋಳೆಯೇ.

ಅಂಟಿಗೆ ಒಂದು ಅಡ್ಡಿಯಿದೆ. ಬ್ಯಾಕ್ಟೀರಿಯಾಗಳ ಮೈಯೂ ಲೋಳೆಯೂ ಋಣ ವಿದ್ಯುದಂಶವನ್ನು ಹೊಂದಿದ್ದು ಒಂದನ್ನೊಂದು ದೂಡುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡು ಧನ ವಿದ್ಯುದಂಶಗಳನ್ನು ಹೊಂದಿರುವುದರಿಂದ, ಒಂದು ಕೈಯಲ್ಲಿ ಇವನನ್ನೂ ಇನ್ನೊಂದು ಕೈಯಲ್ಲಿ ಅವನನ್ನೂ ಹಿಡಿದು ನಿಲ್ಲಿಸಿದಂತೆ ಎರಡು ಎಳೆಗಳನ್ನು ಜೋಡಿಸುತ್ತವೆ. ನಮ್ಮ ಕೊಳವೆ ಬಾವಿಗಳ ಗಡಸು ನೀರಿನಲ್ಲಿ ಇವೆರಡೂ ಇರುತ್ತವೆ. ಉಪ್ಪಿನಲ್ಲಿಯೂ ಕಾಸ್ಟಿಕ್ ಸೋಡಾದಲ್ಲಿಯೂ ಇರುವ ಸೋಡಿಯಂಗೆ ಒಂದೇ ಕೈ. ಅದು ಅತಿಯಾದಾಗ ಕ್ಯಾಲ್ಸಿಯಂನ ಸ್ಥಳವನ್ನು ಆಕ್ರಮಿಸಿಕೊಂಡು ಗೊಂಚಲನ್ನು ಸಡಿಲಗೊಳಿಸುತ್ತದೆ.

ಗೊಂಚಲಿಗೆ ಬೆನ್ನೆಲುಬೂ ಬೇಕು. ದಾರದಂತೆ ಉದ್ದವಾಗಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡುತ್ತವೆ. ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಬೆರೆಸುವುದು ಇದೇ ಕಾರಣಕ್ಕೆ. ಹುಲ್ಲು ಹದವಾಗಿದ್ದರೆ ಗೋಡೆ ಗಟ್ಟಿ. ಹುಲ್ಲೇ ಹೆಚ್ಚಾದರೆ ಮಣ್ಣು ಒತ್ತಾಗಿ ಕೂರುವುದಿಲ್ಲ. ಘಟಕದಲ್ಲಿಯೂ ಹಾಗೆಯೇ.

ಬ್ಯಾಕ್ಟೀರಿಯಾಗಳು ಯಾವಾಗ ಕೂಡಿಕೊಳ್ಳುತ್ತವೆ ಎಂಬುದು ನಮಗೆ ಮುಖ್ಯ. ನೀರಿನಲ್ಲಿ ಆಹಾರ ಅತಿಯಾಗಿದ್ದಾಗ ಅವು ಬಿಡಿಬಿಡಿಯಾಗಿ ಈಜಾಡುತ್ತ ವೇಗವಾಗಿ ಹೆಚ್ಚುತ್ತವೆ. ನೀರು ಮಬ್ಬಾಗಿಯೇ ಉಳಿಯುತ್ತದೆ. ಆಹಾರ ಕಡಿಮೆಯಾಗುತ್ತ ಬಂದಾಗ ಬೆಳವಣಿಗೆ ನಿಧಾನವಾಗಿ, ಅವು ಲೋಳೆಯಲ್ಲಿ ಸೇರಿಕೊಂಡು ನಿಲ್ಲುತ್ತವೆ. ಆದ್ದರಿಂದ ಘಟಕಕ್ಕೆ ಹಿತವಾದುದು ಅಳತೆಯ ಆಹಾರ, ದಿನದಿಂದ ದಿನಕ್ಕೆ ಹೆಚ್ಚು ಏರಿಳಿತವಿಲ್ಲದ ಆಹಾರ.

4. ಮ್ಯಾಂಚೆಸ್ಟರ್‌ನಲ್ಲಿ ಕಂಡದ್ದು, ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆ

ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಕೆಸರಿನ ಈ ಗುಣವನ್ನು ಮೊದಲು ಬಳಕೆಗೆ ತಂದದ್ದು ಇಂಗ್ಲೆಂಡಿನ ಆ ಮೂಲ ಮ್ಯಾಂಚೆಸ್ಟರ್ ನಗರದಲ್ಲಿಯೇ. ಅಲ್ಲಿಯ ಕೊಳಚೆ ಶುದ್ಧೀಕರಣ ಕೇಂದ್ರದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಕೊಳಚೆ ನೀರಿಗೆ ಗಾಳಿಯೂಡಿ ನೋಡಿದರು. ಮೊದಲ ಸಲ ನೀರು ಪೂರ್ಣವಾಗಿ ಶುದ್ಧವಾಗಲು ಸುಮಾರು ಐದು ವಾರಗಳು ಹಿಡಿದವು. ಅವರು ತಿಳಿನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆ ನೀರನ್ನು ಸುರಿದರು. ಇದನ್ನೇ ಮತ್ತೆ ಮತ್ತೆ ಮಾಡಿದಂತೆಲ್ಲ ಬೇಕಾಗುವ ಕಾಲ ಕಡಿಮೆಯಾಗುತ್ತ ಬಂದು, ಕೊನೆಗೆ 24 ಗಂಟೆಗಳೊಳಗೆ ಕೆಲಸ ಮುಗಿಯಿತು. 1914ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಸಕ್ರಿಯ ಕೆಸರು ವಿಧಾನವೆಂದು ಹೆಸರಾಯಿತು.

ಅವರಿಗೆ ಈ ಪ್ರಯೋಗದ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಮತ್ತು ಅಲ್ಲಿಯ ಜೀವರಸಾಯನ ವಿಭಾಗಕ್ಕೆ ಅಡಿಪಾಯ ಹಾಕಿದರು. ಕೆಸರಿನ ಅಧ್ಯಯನವು ಆ ವಿಭಾಗದಲ್ಲಿ ಮುಂದುವರಿಯಿತು. ಗೊಂಚಲು ಕಟ್ಟುವವರು ಯಾರು ಎಂಬುದು ಆಗ ಜಗತ್ತಿನೆಲ್ಲೆಡೆ ಚರ್ಚೆಯಾಗುತ್ತಿದ್ದ ಪ್ರಶ್ನೆ. ಅಮೆರಿಕದ ಬಟರ್‌ಫೀಲ್ಡ್ 1935ರಲ್ಲಿ ಕೆಸರಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಒಂದೇ ಗೊಂಚಲು ಕಟ್ಟಬಲ್ಲದೆಂದು ತೋರಿಸಿದ್ದರು. ಬೆಂಗಳೂರಿನ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬ್ಯಾಕ್ಟೀರಿಯಾಗಳಿಗಿಂತ ದೊಡ್ಡದಾದ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳ ಪಾತ್ರವನ್ನು ಎತ್ತಿ ಹೇಳಿದರು. ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಇಂದಿನ ತಿಳಿವಳಿಕೆಯಲ್ಲಿ ಎರಡೂ ಪಕ್ಷಗಳಿಗೆ ಸ್ಥಾನವಿದೆ. ಗೊಂಚಲನ್ನು ಮುಖ್ಯವಾಗಿ ಕಟ್ಟುವುದು ಬ್ಯಾಕ್ಟೀರಿಯಾಗಳ ಲೋಳೆ. ಗೊಂಚಲು ಸೇರದೆ ಬಿಡಿಯಾಗಿ ಅಲೆಯುವ ಬ್ಯಾಕ್ಟೀರಿಯಾಗಳನ್ನು ಪ್ರೋಟೋಜೋವಾಗಳು ಹಿಡಿದು ತಿಂದು ನೀರಿಗೆ ಕೊನೆಯ ತಿಳಿಯನ್ನು ಕೊಡುತ್ತವೆ. ಅವು ವಿಷಕ್ಕೆ ಬೇಗನೆ ಸೋಲುತ್ತವೆ. ಆದಕಾರಣ ಘಟಕದ ಪ್ರಯೋಗಾಲಯದವರು ಸೂಕ್ಷ್ಮದರ್ಶಕದಲ್ಲಿ ಅವುಗಳ ಚಲನೆಯನ್ನು ನೋಡಿಯೇ ಕೆಸರಿನ ಆರೋಗ್ಯವನ್ನು ಅಳೆಯುತ್ತಾರೆ.

5. ಗೊಂಚಲು ಕೆಡುವ ನಾಲ್ಕು ಬಗೆಗಳು

(ಅ) ಜೊಳ್ಳಾಗುವುದು. ದಾರದಂತಹ ಬ್ಯಾಕ್ಟೀರಿಯಾಗಳು ಮಿತಿಮೀರಿದಾಗ ಗೊಂಚಲು ಹರಡಿಕೊಂಡು ಹಗುರವಾಗುತ್ತದೆ. ತೂರುವಾಗ ಕಾಳು ಕೆಳಗೆ ಬಿದ್ದು ಜೊಳ್ಳು ಹಾರಿಹೋಗುವಂತೆ, ಇಂತಹ ಕೆಸರು ತಳಕ್ಕಿಳಿಯದೆ ನೀರಿನೊಡನೆ ಹೊರಹೋಗುತ್ತದೆ. ಆಮ್ಲಜನಕದ ಕೊರತೆ ಇದಕ್ಕೆ ಒಂದು ಕಾರಣ. ಪಿಷ್ಟ ಮತ್ತು ಸಕ್ಕರೆ ಹೆಚ್ಚಾಗಿದ್ದು ಸಾರಜನಕ, ರಂಜಕಗಳು ಕಡಿಮೆಯಿರುವ ತ್ಯಾಜ್ಯ ಇನ್ನೊಂದು ಕಾರಣ. ಕುಸುಬಲಕ್ಕಿ ಗಿರಣಿಗಳಲ್ಲಿಯೂ ಮಂಡಕ್ಕಿ ಭಟ್ಟಿಗಳಲ್ಲಿಯೂ ಭತ್ತ ನೆನೆಸಿದ ನೀರು ಈ ಜಾತಿಗೆ ಸೇರಿದ್ದು.

(ಆ) ನೊರೆಗಟ್ಟುವುದು. ಎಣ್ಣೆ, ಬೆಣ್ಣೆ, ಜಿಡ್ಡುಗಳನ್ನು ತಿಂದು ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ಮೈ ನೀರಿಗೆ ಒಗ್ಗದು. ಅವು ಗಾಳಿಯ ಗುಳ್ಳೆಗೆ ಅಂಟಿಕೊಂಡು ತೊಟ್ಟಿಯ ಮೇಲೆ ಕಂದುಬಣ್ಣದ ದಪ್ಪ ನೊರೆಯಾಗಿ ನಿಲ್ಲುತ್ತವೆ. ಬೆಣ್ಣೆ ದೋಸೆಯ ಊರಿನಲ್ಲಿ, ಹೆದ್ದಾರಿ ಬದಿಯ ಡಾಬಾಗಳ ನಡುವೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ.

(ಇ) ಚೆದುರುವುದು. ಆಸಿಡ್, ಅತಿಯಾದ ಫಿನೈಲ್ ಮತ್ತು ಬ್ಲೀಚಿಂಗ್ ಪುಡಿ, ಗ್ಯಾರೇಜಿನ ಎಣ್ಣೆ, ಕೀಟನಾಶಕದ ಡಬ್ಬ ಮತ್ತು ಸ್ಪ್ರೇಯರ್ ತೊಳೆದ ನೀರು ಇವು ಬ್ಯಾಕ್ಟೀರಿಯಾಗಳನ್ನೂ ಪ್ರೋಟೋಜೋವಾಗಳನ್ನೂ ಕೊಲ್ಲುತ್ತವೆ. ಗೊಂಚಲು ಒಡೆದು ಪುಡಿಯಾಗುತ್ತದೆ, ನೀರು ಮಬ್ಬಾಗುತ್ತದೆ. ಹೊಸ ಗೊಂಚಲು ಕಟ್ಟಲು ವಾರಗಳೇ ಹಿಡಿಯಬಹುದು.

(ಈ) ಕೊಚ್ಚಿಹೋಗುವುದು. ಮಳೆನೀರನ್ನು ಒಳಚರಂಡಿಗೆ ಸೇರಿಸಿದಾಗ ಹರಿವು ಒಮ್ಮೆಲೇ ಹೆಚ್ಚಿ, ಆರೋಗ್ಯವಾಗಿದ್ದ ಕೆಸರೂ ತೊಟ್ಟಿಯಿಂದ ಹೊರಹೋಗುತ್ತದೆ. ನಗರದ ಅಂಚಿನಲ್ಲಿ ಬಡಾವಣೆಗಳಿರುವ ಪಂಚಾಯಿತಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

6. ಒಂದು ಟ್ಯಾಂಕರಿನ ಲೆಕ್ಕ

ಕೊಳಚೆಯ ಸತ್ವವನ್ನು ಬಿ.ಒ.ಡಿ. ಎಂಬ ಅಳತೆಯಿಂದ ಹೇಳುತ್ತಾರೆ. ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವದು. ಮನೆಗಳಿಂದ ಒಳಚರಂಡಿಗೆ ಬರುವ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಸೆಪ್ಟಿಕ್ ಟ್ಯಾಂಕಿನ ಕೆಸರಿನಲ್ಲಿ ಅದು ಸಾವಿರಾರು ಮಿಲಿಗ್ರಾಂ ಇರಬಹುದು.

ಲೆಕ್ಕಕ್ಕಾಗಿ 5,000 ಲೀಟರಿನ ಟ್ಯಾಂಕರ್ ಎಂದೂ, ಕೆಸರಿನ ಬಿ.ಒ.ಡಿ. ಲೀಟರಿಗೆ 5,000 ಮಿಲಿಗ್ರಾಂ ಎಂದೂ ಇಟ್ಟುಕೊಳ್ಳೋಣ. ಒಟ್ಟು 25 ಕಿಲೋಗ್ರಾಂ ಆಯಿತು. ಒಳಚರಂಡಿಯ ನೀರಿನ ಬಿ.ಒ.ಡಿ. 250 ಮಿಲಿಗ್ರಾಂ ಎಂದರೆ, ಈ ಒಂದು ಟ್ಯಾಂಕರ್ 1 ಲಕ್ಷ ಲೀಟರ್ ಕೊಳಚೆ ನೀರಿಗೆ ಸಮ. ಅದನ್ನು ಹತ್ತು ನಿಮಿಷದಲ್ಲಿ ಸುರಿದರೆ ತೊಟ್ಟಿಯ ಆಮ್ಲಜನಕ ಕುಸಿಯುತ್ತದೆ, ಆಹಾರ ಒಮ್ಮೆಲೇ ಏರುತ್ತದೆ. ಗೊಂಚಲಿಗೆ ಎರಡೂ ಅಹಿತ. ಅದೇ ಕೆಸರನ್ನು ಸಂಗ್ರಹ ತೊಟ್ಟಿಯಲ್ಲಿ ತುಂಬಿಸಿಕೊಂಡು ದಿನವಿಡೀ ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ದೊಡ್ಡ ಘಟಕಕ್ಕೆ ಅದು ಭಾರವಾಗದಿರಬಹುದು. ರಾತ್ರಿ ವೇಳೆ ಕದ್ದು ಮ್ಯಾನ್‌ಹೋಲಿಗೆ ಸುರಿಯುವುದಕ್ಕೂ ಒಪ್ಪಂದದಂತೆ ಹಗಲಿನಲ್ಲಿ ಅಳೆದು ಬಿಡುವುದಕ್ಕೂ ಇರುವ ಅಂತರ ಇದು.

7. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

1) ಗ್ರಾಮವಾರು ಪಟ್ಟಿ ತಯಾರಿಸುವುದು. ಜೋಡಿ ಗುಂಡಿ ಶೌಚಾಲಯಗಳೆಷ್ಟು, ಸೆಪ್ಟಿಕ್ ಟ್ಯಾಂಕ್‌ಗಳೆಷ್ಟು ಎಂಬುದನ್ನು ಬೇರೆಬೇರೆ ಬರೆಯಬೇಕು. ಸರಿಯಾಗಿ ಕಟ್ಟಿದ ಜೋಡಿ ಗುಂಡಿಗಳಲ್ಲಿ, ತುಂಬಿದ ಗುಂಡಿಯನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಮಲ ಗೊಬ್ಬರವಾಗುತ್ತದೆ. ಟ್ಯಾಂಕರಿನ ಅಗತ್ಯವೇ ಬೀಳದು.

2) ಸೆಪ್ಟಿಕ್ ಟ್ಯಾಂಕ್‌ಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಖಾಲಿ ಮಾಡಿಸುವುದು. ತುಂಬಿ ಉಕ್ಕಿದ ಮೇಲೆ ಮಳೆಗಾಲದಲ್ಲಿ ಎಲ್ಲರೂ ಒಟ್ಟಿಗೆ ಟ್ಯಾಂಕರ್ ಕರೆಸುವ ರೂಢಿ ತಪ್ಪಬೇಕು.

3) ಮಹಾನಗರ ಪಾಲಿಕೆ ಅಥವಾ ನಗರಸಭೆಯೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್, ಯಾವ ವೇಳೆ, ಯಾವ ಸ್ಥಳದಲ್ಲಿ, ಎಷ್ಟು ಶುಲ್ಕ ಎಂಬ ನಾಲ್ಕು ಅಂಶಗಳನ್ನು ಸ್ಪಷ್ಟವಾಗಿ ಬರೆಸುವುದು.

4) ಟ್ಯಾಂಕರ್‌ಗೆ ಮೂರು ಪ್ರತಿಗಳ ಚೀಟಿ ಕೊಡುವುದು. ಒಂದು ಮನೆಯವರಿಗೆ, ಒಂದು ಘಟಕಕ್ಕೆ, ಘಟಕದ ಮುದ್ರೆ ಬಿದ್ದ ಮೂರನೆಯದು ಪಂಚಾಯಿತಿಗೆ. ಮೂರನೆಯ ಪ್ರತಿ ಬಾರದಿದ್ದರೆ ಕೆಸರು ಎಲ್ಲಿಗೆ ಹೋಯಿತೆಂದು ಕೇಳಬೇಕು.

5) ಮನೆಗಳ ಕೆಸರಿನೊಡನೆ ಅಕ್ಕಿ ಗಿರಣಿ, ಗ್ಯಾರೇಜ್, ಕಾರ್ಖಾನೆಗಳ ತ್ಯಾಜ್ಯವನ್ನು ಒಂದೇ ಟ್ಯಾಂಕರಿನಲ್ಲಿ ತುಂಬಲು ಬಿಡದಿರುವುದು. ಕೈಗಾರಿಕಾ ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳು ಬೇರೆ ಇವೆ.

6) ಹೋಟೆಲ್, ಡಾಬಾ, ಕಲ್ಯಾಣ ಮಂಟಪಗಳಿಗೆ ಪರವಾನಗಿ ನೀಡುವಾಗ ಜಿಡ್ಡು ತಡೆಯುವ ತೊಟ್ಟಿಯಿದೆಯೇ, ಅದನ್ನು ಕಾಲಕಾಲಕ್ಕೆ ತೆಗೆಯುತ್ತಾರೆಯೇ ಎಂದು ಪರಿಶೀಲಿಸುವುದು.

7) ಯಾವುದೇ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕಿಗೆ ಇಳಿಸದಿರುವುದು. ಒಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯುತ್ತದೆ. 2013ರ ಕಾಯ್ದೆಯ ಪ್ರಕಾರ ಇದು ಶಿಕ್ಷಾರ್ಹ ಅಪರಾಧ.

8. ಘಟಕಕ್ಕೆ ಭೇಟಿ ನೀಡಿದಾಗ

ಒಪ್ಪಂದಕ್ಕೆ ಮೊದಲು ಸದಸ್ಯರು ಅನುಮತಿ ಪಡೆದು ಘಟಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಅದು ಸಕ್ರಿಯ ಕೆಸರಿನ ಘಟಕವೇ ಅಥವಾ ವಿಶಾಲ ಹೊಂಡಗಳ ಘಟಕವೇ ಎಂದು ಮೊದಲು ಕೇಳಿರಿ. ಹೊಂಡಗಳಲ್ಲಿ ಶುದ್ಧೀಕರಣದ ಬಗೆ ಬೇರೆ. ಸಕ್ರಿಯ ಕೆಸರಿನ ಘಟಕವಾದರೆ ಒಂದು ಲೀಟರಿನ ಗಾಜಿನ ಕೊಳವೆಯಲ್ಲಿ ಮಾಡುವ ಪರೀಕ್ಷೆಯನ್ನು ತೋರಿಸಲು ಕೋರಿರಿ. ಗಾಳಿಯೂಡುವ ತೊಟ್ಟಿಯ ನೀರನ್ನು ಕೊಳವೆಯಲ್ಲಿ ತುಂಬಿ 30 ನಿಮಿಷ ಅಲುಗಿಸದೆ ಇಡುತ್ತಾರೆ. ಕೆಸರು ಎಷ್ಟು ಮಿಲಿಲೀಟರ್ ಗುರುತಿಗೆ ಇಳಿಯಿತೆಂದು ನೋಡುತ್ತಾರೆ. ಆ ಸಂಖ್ಯೆಯನ್ನು ಒಂದು ಲೀಟರಿನಲ್ಲಿರುವ ಕೆಸರಿನ ಒಣತೂಕದಿಂದ, ಅಂದರೆ ಗ್ರಾಂಗಳಿಂದ, ಭಾಗಿಸುತ್ತಾರೆ. ಕೆಸರು 300 ಮಿಲಿಲೀಟರಿಗೆ ಇಳಿದು, ಒಣತೂಕ 3 ಗ್ರಾಂ ಇದ್ದರೆ ಉತ್ತರ 100. ಇದು ಒಳ್ಳೆಯ ಕೆಸರು. ಉತ್ತರ 150ನ್ನು ಮೀರಿದರೆ ಕೆಸರು ಜೊಳ್ಳಾಗುತ್ತಿದೆ ಎಂದರ್ಥ. ಅಂತಹ ದಿನಗಳಲ್ಲಿ ನಮ್ಮ ಟ್ಯಾಂಕರ್‌ಗಳನ್ನು ತಡೆಯುವ ಅಧಿಕಾರ ಘಟಕದವರಿಗಿರಬೇಕು.

ಕಣ್ಣು ಮೂಗುಗಳೂ ಸಾಕ್ಷಿ ಹೇಳುತ್ತವೆ. ಆರೋಗ್ಯವಾದ ಕೆಸರು ಕಂದುಬಣ್ಣದ್ದು. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕಪ್ಪುಬಣ್ಣ ಮತ್ತು ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಗಾಳಿ ಸಾಲದಾಗಿದೆ.

ಕಾರ್ಖಾನೆಗಳ ತ್ಯಾಜ್ಯನೀರಿನ ವಿರುದ್ಧ 1980ರ ದಶಕದಲ್ಲಿ ತುಂಗಭದ್ರೆಯ ದಡದ ಜನರು ನಡೆಸಿದ ಹೋರಾಟ ಹರಿಹರದ ಸುತ್ತಲಿನ ಹಿರಿಯರ ನೆನಪಿನಲ್ಲಿದೆ. ಅಂದು ಪ್ರಶ್ನೆಯನ್ನು ಇತರರಿಗೆ ಕೇಳಬೇಕಾಗಿತ್ತು. ಮಲತ್ಯಾಜ್ಯದ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಿ, ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಲು ಕೋರಿದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಗ್ರಾಮಗಳಿಂದ ಕಳೆದ ತಿಂಗಳು ಎಷ್ಟು ಟ್ಯಾಂಕರ್ ಕೆಸರು ಹೊರಹೋಯಿತು? ಅದನ್ನು ಎಲ್ಲಿ ಸುರಿದರು?

2. ನಮ್ಮ ವ್ಯಾಪ್ತಿಯ ಹಳ್ಳ, ಕೆರೆ, ನಾಲೆಗಳ ನೀರನ್ನು ಕೆಳಭಾಗದಲ್ಲಿ ಯಾರು ಕುಡಿಯುತ್ತಾರೆ?

3. ಪಿಷ್ಟ, ಜಿಡ್ಡು ಅಥವಾ ವಿಷದ ತ್ಯಾಜ್ಯವನ್ನು ಬಿಡುವ ಉದ್ದಿಮೆಗಳು ನಮ್ಮಲ್ಲಿ ಯಾವುವು? ಅವುಗಳ ಪರವಾನಗಿಯಲ್ಲಿ ಯಾವ ಷರತ್ತುಗಳಿವೆ?

4. ಘಟಕದವರು ಒಂದು ವಾರ ಟ್ಯಾಂಕರ್ ಬೇಡವೆಂದರೆ, ಆ ವಾರದ ಕೆಸರಿಗೆ ನಮ್ಮಲ್ಲಿ ಏನು ವ್ಯವಸ್ಥೆಯಿದೆ?

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಹರಿಹರ ತಾಲ್ಲೂಕು